ಕಾಯುವ ಹಗ್ಗ, ಕೊರೆಯುವ ಹಗ್ಗ



ನಿಮ್ಮಲ್ಲಿ ಹಲವರು ಹಳೆಯ ಸೇದುವ ಬಾವಿಯನ್ನು ನೋಡಿರಬಹುದು. ಅದರ ಕಟ್ಟೆಯ ಕಲ್ಲಿನ ಮೇಲೆ ಕೈಯಾಡಿಸಿದರೆ ಬೆರಳು ಕೂರುವಷ್ಟು ಆಳದ ಗೀರುಗಳು ಸಿಗುತ್ತವೆ. ಅವನ್ನು ಯಾರೂ ಉಳಿ ಹಿಡಿದು ಕೊರೆದದ್ದಲ್ಲ. ಕೊಡ ಎಳೆಯುವಾಗ ಹಗ್ಗ ಉಜ್ಜಿ ಉಜ್ಜಿ ಆದ ಗೀರುಗಳು ಅವು. ಹಗ್ಗ ಮೆತ್ತಗೆ, ಕಲ್ಲು ಗಟ್ಟಿ. ಆದರೂ ಕಲ್ಲೇ ಸವೆಯಿತು. ಏಕೆಂದರೆ ಹಗ್ಗ ಹರಿದಾಗ ಹೊಸ ಹಗ್ಗ ಬಂತು; ಕಲ್ಲು ಮಾತ್ರ ಅದೇ ಕಲ್ಲು.

ಈಗ ಆ ಕಲ್ಲಿನ ಜಾಗದಲ್ಲಿ ಒಂದು ಮರದ ಹಲಗೆಯನ್ನು ಕಲ್ಪಿಸಿಕೊಳ್ಳಿ. ಆ ಹಲಗೆ ಒಂದು ಮೀನುಗಾರಿಕಾ ಬೋಟಿನ ಅಂಚು ಎಂದು ತಿಳಿಯಿರಿ. ಇಂದಿನ ನಮ್ಮ ವಿಷಯ ಇದೇ: ಬೋಟಿನ ಪಕ್ಕಕ್ಕೆ ಪೆಟ್ಟು ತಾಗದಂತೆ ಇಳಿಬಿಡುವ ಫೆಂಡರ್‌ಗಳನ್ನು, ಬೋಟಿನ ಮರ ಹಾಳಾಗದಂತೆ ಕಟ್ಟುವುದು ಹೇಗೆ? ನೀವು ಬೀದರಿನಲ್ಲೋ ಚಾಮರಾಜನಗರದಲ್ಲೋ ಇರಬಹುದು; ಸಮುದ್ರವನ್ನೇ ನೋಡಿರಲಿಕ್ಕಿಲ್ಲ. ಚಿಂತೆಯಿಲ್ಲ. ನೀವು ಪಾಠದಲ್ಲಿ ಓದುವ ಘರ್ಷಣೆ, ಒತ್ತಡ, ಕೆಲಸ, ಭ್ರಾಮಕ ಇವೆಲ್ಲ ಒಂದು ತುಂಡು ಹಗ್ಗದಲ್ಲಿ ಹೇಗೆ ಕೂಡುತ್ತವೆ ಎಂಬುದನ್ನು ನೋಡೋಣ.

ಮಂಗಳೂರಿನ ಕಡೆ ಬೋಟು ನಿಲ್ಲುವ ಸ್ಥಳಕ್ಕೆ ಧಕ್ಕೆ ಎನ್ನುತ್ತಾರೆ. ಧಕ್ಕೆ ಎಂದರೆ ಪೆಟ್ಟು ಎಂಬ ಅರ್ಥವೂ ನಮ್ಮ ಭಾಷೆಯಲ್ಲಿದೆ. ಧಕ್ಕೆಗೆ ಬಂದ ಬೋಟಿಗೆ ಧಕ್ಕೆ ಆಗಬಾರದು ಎಂದು ನೆನಪಿಟ್ಟುಕೊಂಡರೆ ಇಂದಿನ ಪಾಠ ಮರೆಯದು. ಮಂಗಳೂರು, ಮಲ್ಪೆ, ಹೊನ್ನಾವರ, ಕಾರವಾರ, ಎಲ್ಲಿಗೆ ಹೋದರೂ ಬೋಟುಗಳ ಪಕ್ಕಗಳಲ್ಲಿ ಹಳೆಯ ಟಯರುಗಳು ಸಾಲಾಗಿ ನೇತಾಡುವುದನ್ನು ಕಾಣುತ್ತೀರಿ. ಅವೇ ಫೆಂಡರ್‌ಗಳು. ವಿಹಾರದ ದೋಣಿಗಳಲ್ಲಿ ಗಾಳಿ ತುಂಬಿದ ದಿಂಬಿನಂಥ ಫೆಂಡರ್‌ಗಳಿರುತ್ತವೆ. ರೂಪ ಬೇರೆ, ಕೆಲಸ ಒಂದೇ.

ಆ ಕೆಲಸ ಯಾವುದು? ಒಂದು ಲೆಕ್ಕ ಮಾಡೋಣ. 20 ಟನ್ ತೂಕದ ಬೋಟೊಂದು ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ, ಅಂದರೆ ಮಗು ಅಂಬೆಗಾಲಿಡುವಷ್ಟು ನಿಧಾನವಾಗಿ, ಕಲ್ಲಿನ ಗೋಡೆಯತ್ತ ಸರಿಯುತ್ತಿದೆ ಎನ್ನಿ. ಅದರ ಚಲನಶಕ್ತಿ 400 ಜೂಲ್. ಗೋಡೆಗೆ ತಾಗಿ ಒಂದು ಸೆಂಟಿಮೀಟರಿನೊಳಗೆ ಅದು ನಿಲ್ಲಬೇಕಾದರೆ ಸರಾಸರಿ 40,000 ನ್ಯೂಟನ್ ಬಲ ಬೇಕು. ಹೆಚ್ಚುಕಡಿಮೆ ನಾಲ್ಕು ಟನ್ ಭಾರ ಹಲಗೆಯ ಮೇಲೆ ಬಿದ್ದಂತೆ. ನಡುವೆ ಒಂದು ಟಯರು ಇದ್ದು, ಅದು ಅಮುಕಿಕೊಂಡು ಹತ್ತು ಸೆಂಟಿಮೀಟರಿನಲ್ಲಿ ಬೋಟನ್ನು ನಿಲ್ಲಿಸಿದರೆ ಬಲ 4,000 ನ್ಯೂಟನ್ನಿಗೆ ಇಳಿಯುತ್ತದೆ. ನಿಲ್ಲುವ ದೂರ ಹತ್ತು ಪಟ್ಟಾದರೆ ಬಲ ಹತ್ತರಲ್ಲಿ ಒಂದು ಪಾಲು. ಫೆಂಡರಿನ ಗುಟ್ಟು ಇಷ್ಟೇ.

ಹಾಗಾದರೆ ಟಯರು ಕಟ್ಟಿದೆವು, ಬೋಟು ಉಳಿಯಿತು ಎಂದುಕೊಳ್ಳಬಹುದೇ? ಒಂದು ಪ್ರಸಂಗ ಹೇಳುತ್ತೇನೆ.

ಕರಾವಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ನನಗೆ ಒಬ್ಬ ತಾಂಡೇಲರ ಪರಿಚಯವಿತ್ತು. ತಾಂಡೇಲ ಎಂದರೆ ಬೋಟು ನಡೆಸುವ ಹಿರಿಯ. ಒಂದು ಮಳೆಗಾಲ ಕಳೆದ ಮೇಲೆ ಅವರು ತಮ್ಮ ಮರದ ಬೋಟನ್ನು ತೋರಿಸಿದರು. ಪಕ್ಕದ ಹಲಗೆಗಳಿಗೆ ಒಂದು ಗೀರೂ ಇರಲಿಲ್ಲ. ಆದರೆ ಟಯರಿನ ಹಗ್ಗ ಇಳಿದುಬಂದ ಕಡೆಯಲ್ಲೆಲ್ಲ ಅಂಚಿನ ಮರದಲ್ಲಿ ಬೆರಳಗಲದ ಕಚ್ಚುಗಳು ಬಿದ್ದಿದ್ದವು.

“ಮಾಷ್ಟ್ರೇ, ಟಯರು ಬೋಟನ್ನು ಉಳಿಸಿತು, ಹಗ್ಗ ಬೋಟನ್ನು ತಿಂದಿತು ನೋಡಿ,” ಎಂದರು.

“ಬಣ್ಣ ಬಳಿದರೆ ಸರಿಹೋಗುವುದಿಲ್ಲವೇ ತಾಂಡೇಲರೇ?” ಎಂದು ಕೇಳಿದೆ.

ಅವರು ಮಾತನಾಡದೆ ಚಾಕುವಿನ ತುದಿಯನ್ನು ಒಂದು ಕಚ್ಚಿನೊಳಗೆ ಒತ್ತಿದರು. ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಒಳಗೆ ಮರ ಕುಂಬಾಗಿತ್ತು. ಅದಕ್ಕೆ ಹಿಂದಿನ ವರ್ಷ ಬೇರೊಂದು ಬೋಟಿನಲ್ಲಿ ಇಂಥದೇ ಅಂಚು ಹಿಡಿದು ಬಾಗಿದ್ದ ಹುಡುಗನೊಬ್ಬ ಮರ ಮುರಿದು ನೀರಿಗೆ ಬಿದ್ದಿದ್ದನಂತೆ. ಬೋಟು ನಿಂತಿದ್ದುದರಿಂದ ಬದುಕಿದ. ನಡುಸಮುದ್ರದ ರಾತ್ರಿಯಾಗಿದ್ದರೆ ಏನಾಗುತ್ತಿತ್ತೋ ಎಂದರು. ಬಣ್ಣದ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಮರ ಕುಂಬಾದದ್ದು ಹೇಗೆಂದು ನೋಡೋಣ. ಬಣ್ಣ, ಎಣ್ಣೆ, ವಾರ್ನಿಷ್ ಇವೆಲ್ಲ ಮರಕ್ಕೆ ಹೊದಿಕೆ. ಹಗ್ಗ ಮೊದಲು ಆ ಹೊದಿಕೆಯನ್ನು ಸವೆಸುತ್ತದೆ. ಆಮೇಲೆ ಮರದ ಎಳೆಗಳನ್ನು ಬಿಡಿಸುತ್ತದೆ. ಆ ಗೀರಿನಲ್ಲಿ ಮಳೆನೀರು ನಿಲ್ಲುತ್ತದೆ. ತೇವ ಆರದ ಮರದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಅದೇ ಮರವನ್ನು ಒಳಗಿನಿಂದ ತಿನ್ನುವುದು. ಇಲ್ಲಿ ಒಂದು ಸೋಜಿಗವಿದೆ. ಮರದ ಬೋಟಿನ ಮೇಲ್ಭಾಗವನ್ನು ಕುಂಬಾಗಿಸುವುದು ಸಮುದ್ರದ ಉಪ್ಪುನೀರಿಗಿಂತ ಹೆಚ್ಚಾಗಿ ಆಕಾಶದ ಸಿಹಿನೀರು. ಉಪ್ಪು ಆ ಶಿಲೀಂಧ್ರಗಳಿಗೆ ಅಷ್ಟಾಗಿ ಹಿಡಿಸದು. ಆದ್ದರಿಂದ ಮಳೆಗಾಲವೇ ಅಪಾಯದ ಕಾಲ.

ಬೋಟುಗಳು ಅತಿ ಹೆಚ್ಚು ದಿನ ಕಟ್ಟಿಹಾಕಿಕೊಂಡು ನಿಲ್ಲುವುದೂ ಮಳೆಗಾಲದಲ್ಲೇ. ನಮ್ಮ ಕರಾವಳಿಯಲ್ಲಿ ಮೀನುಗಳು ಮರಿಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆಗ ಬೋಟುಗಳು ಬಂದರಿನಲ್ಲಿ ಪಕ್ಕಕ್ಕೆ ಪಕ್ಕ ತಾಗಿ ನಿಲ್ಲುತ್ತವೆ. ನಿಂತ ಬೋಟು ಸುಮ್ಮನಿರುವುದಿಲ್ಲ; ತೂಗುತ್ತಲೇ ಇರುತ್ತದೆ. ಐದು ಸೆಕೆಂಡಿಗೊಮ್ಮೆ ತೂಗಿತು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 12, ಗಂಟೆಗೆ 720, ದಿನಕ್ಕೆ 17,280 ಸಲ. 61 ದಿನಗಳಲ್ಲಿ ಹತ್ತು ಲಕ್ಷ ಮೀರುತ್ತದೆ! ಪ್ರತಿ ಸಲವೂ ಹಗ್ಗ ಮರದ ಮೇಲೆ ಬೆರಳಗಲ ಹಿಂದೆ ಮುಂದೆ ಸರಿದರೂ ಅದು ಹಲ್ಲಿಲ್ಲದ ಗರಗಸವೇ ಸರಿ. ಹಲ್ಲೂ ಇಲ್ಲವೆನ್ನುವಂತಿಲ್ಲ. ಹಗ್ಗದ ಎಳೆಗಳಲ್ಲಿ ಮರಳಿನ ಕಣ ಸೇರಿಕೊಂಡಿರುತ್ತದೆ. ಮರಳು ಹೆಚ್ಚಾಗಿ ಕ್ವಾರ್ಟ್ಸ್, ಸಾಮಾನ್ಯ ಚಾಕುವಿನ ಉಕ್ಕಿಗಿಂತ ಗಟ್ಟಿ.

ಅಂದಮೇಲೆ ಹಗ್ಗವೇ ಮರದ ವೈರಿಯೇ? ಅಲ್ಲ. ಇದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ಸಾಕ್ಷಿಯಿದೆ. 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಐ.ಎನ್.ಎಸ್.ವಿ. ಕೌಂಡಿನ್ಯ ಎಂಬ ಹಾಯಿಹಡಗು ಸೇರಿತು. ಅಜಂತಾದ ಚಿತ್ರವೊಂದರಲ್ಲಿ ಕಾಣುವ 5ನೇ ಶತಮಾನದ ಹಡಗಿನ ಮಾದರಿಯಲ್ಲಿ ಕಟ್ಟಿದ ಆ ಹಡಗಿನ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ. ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಭಾರತದ ಪಶ್ಚಿಮ ಕರಾವಳಿಯಲ್ಲಿ ಹೀಗೆ ಹೊಲಿದ ದೋಣಿಗಳ ಪರಂಪರೆ ಬಹಳ ಹಳೆಯದು. ಅಲ್ಲಿ ಹಗ್ಗ ಮರವನ್ನು ತಬ್ಬಿಕೊಂಡಿದೆ, ಆದರೆ ಕೊರೆಯುವುದಿಲ್ಲ. ಏಕೆ? ಬಿಗಿಯಾಗಿ ಹೊಲಿದ ಹಗ್ಗ ಮರದ ಮೇಲೆ ಜಾರುವುದಿಲ್ಲ. ಹಗ್ಗ ಮರಕ್ಕೆ ತಾಗುವುದರಿಂದ ಕೇಡಿಲ್ಲ. ತಾಗಿಕೊಂಡು ಜಾರುವುದರಿಂದ ಕೇಡು. ಇದೊಂದು ಮಾತು ತಿಳಿದರೆ ಫೆಂಡರ್ ಕಟ್ಟುವ ಎಲ್ಲ ನಿಯಮಗಳೂ ತಾವಾಗಿಯೇ ಹೊರಡುತ್ತವೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಎಲ್ಲಿಗೆ ಕಟ್ಟಬೇಕು? ಅವಸರದಲ್ಲಿ ಕೈಗೆ ಮೊದಲು ಸಿಗುವುದು ಮೇಲಿನ ಕೈಹಿಡಿ. ಅದಕ್ಕೇ ಹಗ್ಗ ಸುತ್ತಿಬಿಡುತ್ತಾರೆ. ಅದು ಮನುಷ್ಯ ಹಿಡಿದುಕೊಳ್ಳಲು ಮಾಡಿದ್ದು, ಬೋಟಿನ ಜಗ್ಗಾಟ ತಾಳಲು ಅಲ್ಲ. ಫೆಂಡರ್ ಎರಡು ಬೋಟುಗಳ ನಡುವೆ ಸಿಕ್ಕಿ ಹಗ್ಗವನ್ನು 500 ನ್ಯೂಟನ್ ಬಲದಿಂದ ಅಡ್ಡಕ್ಕೆ ಎಳೆಯಿತು ಎನ್ನಿ. 60 ಸೆಂಟಿಮೀಟರ್ ಎತ್ತರದ ಕಂಬದ ತುದಿಗೆ ಕಟ್ಟಿದ್ದರೆ ಕಂಬದ ಬುಡದಲ್ಲಿ 300 ನ್ಯೂಟನ್-ಮೀಟರ್ ಭ್ರಾಮಕ ಬೀಳುತ್ತದೆ. ಅದೇ ಹಗ್ಗವನ್ನು ಬುಡದಿಂದ 10 ಸೆಂಟಿಮೀಟರ್ ಎತ್ತರದಲ್ಲಿ ಕಟ್ಟಿದ್ದರೆ 50 ಮಾತ್ರ. ಆದ್ದರಿಂದ ಎಷ್ಟು ಕೆಳಗೆ, ಎಷ್ಟು ಗಟ್ಟಿ ಜಾಗಕ್ಕೆ ಕಟ್ಟಬಹುದೋ ಅಷ್ಟು ಒಳ್ಳೆಯದು. ಕಂಬದ ಬುಡ, ಇಲ್ಲವೇ ಹಗ್ಗ ಕಟ್ಟಲೆಂದೇ ಕೂರಿಸಿದ ಎರಡು ಕೊಂಬಿನ ಲೋಹದ ಗೂಟ, ಅಂದರೆ ಕ್ಲೀಟ್, ಸರಿಯಾದ ಸ್ಥಳ. ಹೊಸದಾಗಿ ಕ್ಲೀಟ್ ಕೂರಿಸುವವರು ಬರೀ ಮೊಳೆ ಹೊಡೆದು ನಿಲ್ಲಿಸಬಾರದು. ಮೊಳೆ ಸಡಿಲಾದರೆ ಅದರ ತೂತೇ ನೀರಿಗೆ ಬಾಗಿಲು. ಮರದ ಆಚೆ ಬದಿಯಲ್ಲಿ ಅಗಲವಾದ ಪಟ್ಟಿ ಕೊಟ್ಟು, ಬೋಲ್ಟ್ ಹಾಯಿಸಿ, ತೂತಿಗೆ ನೀರು ಇಳಿಯದಂತೆ ಮೇಣದಂಥ ಅಂಟು ತುಂಬಬೇಕು.

ಎರಡನೆಯದು, ಹಗ್ಗದ ದಾರಿ. ಕ್ಲೀಟಿನಿಂದ ಹೊರಟ ಹಗ್ಗ ಅಂಚಿನ ಮರವನ್ನು ದಾಟಿ ಕೆಳಗಿಳಿಯುತ್ತದೆ. ದಾಟುವ ಆ ಮೂಲೆಯೇ ಕಚ್ಚು ಬೀಳುವ ಜಾಗ. ಮೂಲೆ ಚೂಪಾಗಿದ್ದು ಅದರ ತ್ರಿಜ್ಯ 3 ಮಿಲಿಮೀಟರ್ ಎನ್ನಿ. ಹಗ್ಗ ಅಲ್ಲಿ ಲಂಬಕೋನದಲ್ಲಿ ಬಾಗಿದರೆ ಮರಕ್ಕೆ ತಾಗುವ ಉದ್ದ ಅರ್ಧ ಸೆಂಟಿಮೀಟರೂ ಇಲ್ಲ. ಇಡೀ ಒತ್ತು ಅಷ್ಟರಲ್ಲೇ ಬೀಳಬೇಕು. ಮೂಲೆಯನ್ನು 30 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಗೆ ಮಾಡಿದರೆ ತಾಗುವ ಉದ್ದ ಐದು ಸೆಂಟಿಮೀಟರಿನ ಹತ್ತಿರ ಬರುತ್ತದೆ. ಒತ್ತಡ ಹತ್ತರಲ್ಲಿ ಒಂದು ಪಾಲಾಗುತ್ತದೆ. ಇಲ್ಲಿ ಕಾಲೇಜು ವಿದ್ಯಾರ್ಥಿಗಳು ಒಂದು ಸೂಕ್ಷ್ಮವನ್ನು ಗಮನಿಸಬೇಕು. ದುಂಡಗೆ ಮಾಡಿದರೆ ಒಟ್ಟು ಘರ್ಷಣೆ ಕಡಿಮೆಯಾಗುವುದಿಲ್ಲ. ಅದು ಹಗ್ಗ ಎಷ್ಟು ಕೋನ ಬಾಗಿತು ಎಂಬುದನ್ನು ಅವಲಂಬಿಸಿದೆ, ತ್ರಿಜ್ಯವನ್ನಲ್ಲ. ಕಡಿಮೆಯಾಗುವುದು ಒಂದೊಂದು ಬಿಂದುವಿನ ಮೇಲಿನ ಒತ್ತಡ. ಹೊರೆ ಅಷ್ಟೇ, ಹೊರುವವರು ಹೆಚ್ಚಾದರು.

ಮೂರನೆಯದು, ಜಾರಾಟವನ್ನು ಬೇರೆ ಕಡೆಗೆ ತಳ್ಳುವುದು. ಬಾವಿಗೆ ರಾಟೆ ಹಾಕಿದಾಗ ಮಾಡಿದ್ದು ಇದನ್ನೇ. ಹಗ್ಗದ ಜೊತೆ ರಾಟೆಯೇ ತಿರುಗಿತು, ಕಲ್ಲು ಉಳಿಯಿತು. ಬೋಟಿನಲ್ಲಿ ಎರಡು ಉಪಾಯಗಳಿವೆ. ಹಗ್ಗ ದಾಟುವ ಕಡೆ ಅಂಚಿನ ಮೇಲೆ ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಉಕ್ಕಿನ ಅರೆದುಂಡು ಪಟ್ಟಿ ಕೂರಿಸಬಹುದು. ಇಲ್ಲವೇ, ಖರ್ಚಿಲ್ಲದ ದಾರಿ, ತೋಟಕ್ಕೆ ನೀರು ಹಾಯಿಸುವ ಹಳೆಯ ರಬ್ಬರು ಪೈಪಿನ ಒಂದು ಗೇಣು ತುಂಡಿನೊಳಗೆ ಹಗ್ಗ ತೂರಿಸಿ, ಆ ಪೈಪು ಅಂಚಿನ ಮೇಲೆ ಕೂರುವಂತೆ ಮಾಡಬಹುದು. ಆದರೆ ಪೈಪು ಹಗ್ಗದ ಜೊತೆ ಓಡಾಡಿದರೆ ಪೈಪೇ ಮರವನ್ನು ಉಜ್ಜುತ್ತದೆ. ಅದರ ತುದಿಗೆ ತೂತು ಮಾಡಿ, ಸಣ್ಣ ದಾರದಿಂದ ಕ್ಲೀಟಿಗೆ ಬಿಗಿದು, ಅದು ಅಲುಗದಂತೆ ಮಾಡಬೇಕು. ಆಗ ಹಗ್ಗ ಪೈಪಿನೊಳಗೆ ಜಾರುತ್ತದೆ. ಮರದ ಮೇಲೆ ಏನೂ ಜಾರುವುದಿಲ್ಲ. ಗೋಣಿ ಅಥವಾ ಬಟ್ಟೆ ಸುತ್ತುವುದೂ ಉಂಟು. ಅದು ಒಂದೆರಡು ದಿನಕ್ಕೆ ಸರಿ. ತಿಂಗಳುಗಟ್ಟಲೆ ಬಿಟ್ಟರೆ ಒದ್ದೆ ಗೋಣಿಯ ಕೆಳಗೆ ಮರ ಆರುವುದೇ ಇಲ್ಲ. ಗೀರು ತಪ್ಪಿಸಲು ಹೋಗಿ ಕುಂಬು ತಂದುಕೊಂಡಂತೆ.

ನಾಲ್ಕನೆಯದು, ಹಗ್ಗದ ಆಯ್ಕೆ. ನೈಲಾನ್ ಹಗ್ಗ ಚೆನ್ನಾಗಿ ಹಿಗ್ಗುತ್ತದೆ. ಬೋಟನ್ನು ಧಕ್ಕೆಗೆ ಕಟ್ಟಲು ಆ ಗುಣ ಒಳ್ಳೆಯದು, ಜಗ್ಗಿದಾಗ ಏಟನ್ನು ಹೀರುತ್ತದೆ. ಫೆಂಡರಿನ ಹಗ್ಗಕ್ಕೆ ಅದೇ ಗುಣ ದೋಷ. ಹಿಗ್ಗಿ ಕುಗ್ಗಿದಷ್ಟೂ ಅಂಚಿನ ಮೇಲೆ ಓಡಾಟ ಹೆಚ್ಚು. ಇಲ್ಲಿಗೆ ಕಡಿಮೆ ಹಿಗ್ಗುವ ಪಾಲಿಯೆಸ್ಟರ್ ವಾಸಿ. ಅಗ್ಗವೆಂದು ಕೊಳ್ಳುವ ಪಾಲಿಪ್ರೊಪಿಲೀನ್ ನೀರಿನಲ್ಲಿ ತೇಲುತ್ತದೆ, ಆದರೆ ಬಿಸಿಲಿಗೆ ಬೇಗ ಹಾಳಾಗಿ ಎಳೆಗಳು ಮುಳ್ಳಿನಂತೆ ಏಳುತ್ತವೆ. ಯಾವ ಹಗ್ಗವಾದರೂ ಆಗಾಗ ಸಿಹಿನೀರಿನಲ್ಲಿ ತೊಳೆದರೆ ಮರಳು, ಉಪ್ಪಿನ ಹರಳು ಹೋಗುತ್ತದೆ. ಗರಗಸದ ಹಲ್ಲು ಕಿತ್ತಂತೆ.

ಐದನೆಯದು, ಗಂಟು. ಸ್ಕೌಟ್ಸ್, ಗೈಡ್ಸ್, ಎನ್.ಸಿ.ಸಿ. ವಿದ್ಯಾರ್ಥಿಗಳಿಗೆ ಕ್ಲೋವ್ ಹಿಚ್ ಎಂಬ ಗಂಟು ಗೊತ್ತಿರುತ್ತದೆ. ಕಂಬಕ್ಕೆ ಎರಡು ಸುತ್ತು ಒಂದರ ಮೇಲೊಂದು ಅಡ್ಡಹಾಯುವಂತೆ ಹಾಕಿ, ತುದಿಯನ್ನು ಎರಡನೆಯ ಸುತ್ತಿನ ಕೆಳಗೆ ತೂರಿಸುವ ಗಂಟು ಅದು. ಬೇಗ ಹಾಕಬಹುದು, ಬೇಗ ಎತ್ತರ ಸರಿಪಡಿಸಬಹುದು. ಆದರೆ ಸದಾ ಅಲುಗುವ ಕಡೆ, ಅದರಲ್ಲೂ ನುಣುಪಾದ ಕೃತಕ ಹಗ್ಗದಲ್ಲಿ, ಅದು ಸಡಿಲಾಗಿ ಮರದ ಸುತ್ತ ತಿರುಗತೊಡಗುತ್ತದೆ. ತಿರುಗಿದಲ್ಲೆಲ್ಲ ಬಳೆಯಂಥ ಗೀರು. ಗಂಟೆರಡು ಗಂಟೆ ನಿಲ್ಲುವುದಾದರೆ ಅದು ಸಾಕು. ರಾತ್ರಿಯಿಡೀ ನಿಲ್ಲುವುದಾದರೆ ಮೊದಲು ಎರಡು ಸಂಪೂರ್ಣ ಸುತ್ತು ಬಿಗಿಯಾಗಿ ಹಾಕಿ, ಆಮೇಲೆ ತುದಿಯನ್ನು ಎಳೆಯುವ ಹಗ್ಗಕ್ಕೇ ಎರಡು ಅರೆಗಂಟು ಹಾಕಬೇಕು.

ಸುತ್ತಿಗೆ ಅಷ್ಟು ಮಹತ್ವವೇಕೆ? 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರನ ಹೆಸರಿನಲ್ಲಿ ಒಂದು ಸೂತ್ರವಿದೆ. ಕಂಬಕ್ಕೆ ಸುತ್ತಿದ ಹಗ್ಗದ ಹಿಡಿತ ಸುತ್ತುಗಳ ಜೊತೆ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ 0.25 ಆಗಿದ್ದರೆ ಒಂದು ಸುತ್ತಿಗೆ ಸುಮಾರು 5 ಪಟ್ಟು, ಎರಡಕ್ಕೆ 23 ಪಟ್ಟು, ಮೂರಕ್ಕೆ 111 ಪಟ್ಟು. ಅಂದರೆ 100 ಕಿಲೋ ಭಾರದ ಎಳೆತವನ್ನು ಮೂರು ಸುತ್ತಿನ ಆಚೆ ಒಂದು ಕಿಲೋ ಬಲದಿಂದ ಹಿಡಿದು ನಿಲ್ಲಿಸಬಹುದು. ಭಾರ ಹೊರುವುದು ಸುತ್ತು, ಗಂಟು ಕೇವಲ ಕಾವಲುಗಾರ. ಸುತ್ತು ಬಿಗಿಯಾಗಿ ಹಿಡಿದುಕೊಂಡಲ್ಲಿ ಜಾರಾಟವಿಲ್ಲ, ಜಾರಾಟವಿಲ್ಲದಲ್ಲಿ ಸವೆತವಿಲ್ಲ. ಘರ್ಷಣೆ ವೈರಿ ಎಂದುಕೊಂಡಿದ್ದೆವು. ಸರಿಯಾದ ಜಾಗದಲ್ಲಿ ಕೂರಿಸಿದರೆ ಅದೇ ಘರ್ಷಣೆ ನಮ್ಮ ಆಳು.

ಇನ್ನು ಟಯರಿನ ವಿಷಯ ಎರಡು ಮಾತು. ಒಂದೇ ಹಗ್ಗದಲ್ಲಿ ನೇತುಬಿಟ್ಟ ಟಯರು ಗಡಿಯಾರದ ಲೋಲಕದಂತೆ ಓಲಾಡುತ್ತದೆ. ಅಗಲಿಸಿ ಕಟ್ಟಿದ ಎರಡು ಹಗ್ಗಗಳಲ್ಲಿ ನಿಲ್ಲಿಸಿದರೆ ಓಲಾಟ ಬಹಳ ಕಡಿಮೆಯಾಗುತ್ತದೆ. ಟಯರಿನ ಕೆಳಭಾಗದಲ್ಲಿ ಒಂದೆರಡು ತೂತು ಇರಲಿ. ಇಲ್ಲದಿದ್ದರೆ ಮಳೆನೀರು ನಿಂತು ಭಾರ ಹೆಚ್ಚುತ್ತದೆ; ಡೆಂಗೆ ಹರಡುವ ಸೊಳ್ಳೆಗೂ ಅದೇ ಮನೆ. ಎತ್ತರವನ್ನೂ ಗಮನಿಸಬೇಕು. ಬೋಟಿಗೆ ಕಟ್ಟಿದ ಟಯರು ಬೋಟಿನ ಜೊತೆಯೇ ಏರಿಳಿಯುತ್ತದೆ, ಆದರೆ ಧಕ್ಕೆಯ ಗೋಡೆ ಏರಿಳಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಭರತ ಬರುತ್ತದೆ, ಎರಡು ಬಾರಿ ಇಳಿತ. ಬೆಳಿಗ್ಗೆ ಸರಿಯಾಗಿದ್ದ ಎತ್ತರ ಮಧ್ಯಾಹ್ನ ಸರಿಯಿರಲಿಕ್ಕಿಲ್ಲ. ಬೋಟಿಗೆ ಮಂಜುಗಡ್ಡೆ, ಡೀಸೆಲ್ ತುಂಬಿದಾಗಲೂ ಅದು ತಗ್ಗುತ್ತದೆ. ಕಟ್ಟಿ ಮರೆತರೆ ಆಗದು. ಆಗಾಗ ಬಂದು ನೋಡಬೇಕು.

ಒಂದು ಎಚ್ಚರಿಕೆಯನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ. ಫೆಂಡರ್ ಜಾರಿತೆಂದು ಬೋಟಿನ ಮತ್ತು ಗೋಡೆಯ ನಡುವೆ ಕೈಯನ್ನಾಗಲಿ ಕಾಲನ್ನಾಗಲಿ ಯಾವತ್ತೂ ಇಡಬೇಡಿ. ಮೊದಲು ಮಾಡಿದ ಲೆಕ್ಕ ನೆನಪಿದೆಯಲ್ಲ? ಅಂಬೆಗಾಲಿನ ವೇಗದಲ್ಲಿ ಬಂದ ಬೋಟಿನ ಬಲವೂ ಟನ್ನುಗಳಲ್ಲಿ. ಮರದ ಹಲಗೆಯನ್ನು ಬದಲಿಸಬಹುದು, ಬೆರಳನ್ನಲ್ಲ.

ಈಗ ನೀವೇ ಮಾಡಿ ನೋಡಬಹುದಾದ ಎರಡು ಪ್ರಯೋಗಗಳು. ಮೊದಲನೆಯದಕ್ಕೆ ಬಟ್ಟೆ ಒಗೆಯುವ ಸೋಪಿನ ಬಿಲ್ಲೆ, ಒಂದು ಮಾರು ಹುರಿ ಸಾಕು. ಬಿಲ್ಲೆಯ ಚೂಪು ಅಂಚಿನ ಮೇಲೆ ಹುರಿಯನ್ನು ಒಂದೇ ಬಿಗಿಯಲ್ಲಿ ಐವತ್ತು ಸಲ ಹಿಂದೆ ಮುಂದೆ ಎಳೆಯಿರಿ. ಇನ್ನೊಂದು ಅಂಚನ್ನು ಚಮಚದಿಂದ ದುಂಡಗೆ ಕೆರೆದು ಅಲ್ಲಿಯೂ ಐವತ್ತು ಸಲ ಎಳೆಯಿರಿ. ಮೂರನೆಯ ಅಂಚಿನ ಮೇಲೆ ಸೈಕಲ್ಲಿನ ಹಳೆಯ ಟ್ಯೂಬಿನ ತುಂಡನ್ನು ಅಲುಗದಂತೆ ಕಟ್ಟಿ ಅದರ ಮೇಲೆ ಎಳೆಯಿರಿ. ಮೂರೂ ಕಚ್ಚುಗಳ ಆಳವನ್ನು ಅಳೆದು ಬರೆದಿಡಿ. ಎರಡನೆಯದಕ್ಕೆ ಒಂದು ಕಿಲೋ ತೂಕ, ನುಣುಪಾದ ಕೋಲು, ಶಾಲೆಯ ಸ್ಪ್ರಿಂಗ್ ತಕ್ಕಡಿ ಬೇಕು. ಕೋಲನ್ನು ಅಡ್ಡಲಾಗಿ ತಿರುಗದಂತೆ ಬಿಗಿದು, ಹಗ್ಗದ ಒಂದು ತುದಿಗೆ ತೂಕ ಕಟ್ಟಿ, ಕೋಲಿಗೆ ಅರ್ಧ ಸುತ್ತು, ಒಂದೂವರೆ ಸುತ್ತು, ಎರಡೂವರೆ ಸುತ್ತು ಹಾಕುತ್ತಾ, ತೂಕ ಜಾರದಂತೆ ಹಿಡಿಯಲು ಎಷ್ಟು ಬಲ ಬೇಕೆಂದು ತಕ್ಕಡಿಯಲ್ಲಿ ಓದಿ. ಆಯ್ಲರನ ಸೂತ್ರ ನಿಮ್ಮ ಕಣ್ಣೆದುರಿಗೇ ಬರುತ್ತದೆ.

ಮಿತ್ರರೇ, ಆ ತಾಂಡೇಲರು ಮರುವರ್ಷ ಅಂಚಿನ ಮರ ಬದಲಿಸಿದರು. ಟಯರುಗಳು ಅವೇ ಇದ್ದವು. ಹಗ್ಗಗಳನ್ನು ಮಾತ್ರ ಕಂಬಗಳ ಬುಡಕ್ಕೆ ಇಳಿಸಿ, ಅಂಚಿನ ಮೇಲೆ ಪೈಪಿನ ತುಂಡುಗಳನ್ನು ಬಿಗಿದಿದ್ದರು. ಎರಡು ತಿಂಗಳ ಮಳೆ ಕಳೆದು ಆಗಸ್ಟ್ ತಿಂಗಳಲ್ಲಿ ನಾನು ಹೋದಾಗ ಒಂದು ಪೈಪನ್ನು ಸರಿಸಿ ತೋರಿಸಿದರು. ಕೆಳಗೆ ಬಳಿದ ಬಣ್ಣ ಹಾಗೆಯೇ ಇತ್ತು. “ಈ ಸಲ ಚಾಕು ಬೇಡ ಮಾಷ್ಟ್ರೇ,” ಎಂದು ನಕ್ಕರು.

ಕಾಪಾಡಲೆಂದು ಕಟ್ಟಿದ್ದು ತಾನೇ ಹಾನಿ ಮಾಡುತ್ತಿದೆಯೇ ಎಂದು ಒಮ್ಮೆ ಬಗ್ಗಿ ನೋಡುವ ಅಭ್ಯಾಸ ಬೋಟಿನವರಿಗೆ ಮಾತ್ರವಲ್ಲ, ನಮಗೆಲ್ಲರಿಗೂ ಬೇಕು. ಸಸಿಗೆ ಆಸರೆಯ ಕೋಲು ಕಟ್ಟುವಾಗ, ಗೂಟಕ್ಕೆ ಕರು ಕಟ್ಟುವಾಗ, ಸೈಕಲ್ಲಿಗೆ ಹೊರೆ ಬಿಗಿಯುವಾಗ ಹಗ್ಗ ಎಲ್ಲಿ ಜಾರುತ್ತಿದೆ ಎಂದು ನೋಡಿ. ಅಲ್ಲೊಂದು ತುಂಡು ರಬ್ಬರು ಇಟ್ಟರೆ, ನೀವು ಇಂದಿನ ಪಾಠವನ್ನು ಕಲಿತಂತೆಯೇ ಸರಿ.